ಬೊಲೆರೊ ಪಿಕಪ್ ಆಯಿಲ್ ಫಿಲ್ಟರ್: ಕುಯ್ದು ನೋಡಿದ್ಮೇಲೆ ಗೊತ್ತಾಗಿದ್ದು

2023ರ ಜುಲೈ ನೆನಪಿದ್ಯಾ, ಟೊಮೆಟೊ ರೇಟು ಆಕಾಶಕ್ಕೆ ಹೋಗಿದ್ದ ತಿಂಗಳು? ನಮ್ ಕೋಲಾರ ಎಪಿಎಂಸಿಲಿ 15 ಕೆಜಿ ಬಾಕ್ಸು 2 ಸಾವಿರ ದಾಟಿತ್ತು. ಅಂಥ ತಿಂಗಳಲ್ಲೇ, ಬೆಳಗಿನ ಜಾವ, ಮುಳಬಾಗಿಲು ಕಡೆಯಿಂದ ಫುಲ್ ಲೋಡ್ ತುಂಬ್ಕೊಂಡು ಬರ್ತಿದ್ದ ನಮ್ಮ ಪಿಕಪ್ಪು ಹೈವೇಲಿ ನಿಂತೋಯ್ತು. ಅಪ್ಪ ಓಡಿಸ್ತಿದ್ರು, ನಾನು ಪಕ್ಕದಲ್ಲಿ ಅರ್ಧ ನಿದ್ದೇಲಿದ್ದೆ. ಮೀಟರ್‌ನಲ್ಲಿ ಕೆಂಪು ಗಿಂಡಿ ದೀಪ (ಆಯಿಲ್ ಪ್ರೆಶರ್ ಇಲ್ಲ ಅಂತ ತೋರಿಸೋದು) ಹತ್ತಿದ ತಕ್ಷಣ ಅಪ್ಪ ಎಂಜಿನ್ ಆಫ್ ಮಾಡಿ, ಇದ್ದ ಸ್ಪೀಡಲ್ಲೇ ಗಾಡೀನ ಪಕ್ಕಕ್ಕೆ ತಂದು ನಿಲ್ಸಿದ್ರು. ಇಳಿದು ಟಾರ್ಚ್ ಬಿಟ್ರೆ ಫಿಲ್ಟರ್ ಬುಡದಿಂದ ಆಯಿಲ್ಲು ತೊಟ್ಟಿಕ್ಕೋದಲ್ಲ, ಸುರೀತಾ ಇತ್ತು, ಹಿಂದಕ್ಕೆ ಟಾರ್ಚ್ ತಿರುಗಿಸಿದ್ರೆ ನಾವು ಬಂದ ದಾರಿಯುದ್ದಕ್ಕೂ ಕಪ್ಪು ಗೆರೆ. ಪಕ್ಕದೂರಿನವರ ಗಾಡಿ ಕರೆಸಿ, ಒಂದೊಂದೇ ಬಾಕ್ಸು ಕೈಯಲ್ಲಿ ದಾಟಿಸಿ, ಮಂಡಿ ಮುಟ್ಟೋಷ್ಟರಲ್ಲಿ ಹರಾಜು ಮುಕ್ಕಾಲು ಮುಗಿದಿತ್ತು. ಅವತ್ತು ಅಪ್ಪ ಆ ದೀಪ ನೋಡಿದ ಮೇಲೂ ಇನ್ನೊಂದೆರಡು ನಿಮಿಷ ಓಡಿಸಿದ್ರೆ ಎಂಜಿನ್ನೇ ಹಿಡ್ಕೊಳ್ತಿತ್ತು, ಆಮೇಲೆ ನಮ್ಮನೆ ಕಥೆ ಏನಾಗ್ತಿತ್ತೋ ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ, ಯಾಕಂದ್ರೆ ಈ ಗಾಡಿ ಬಾಡಿಗೆಲೇ ಮನೆ ನಡೀತಿರೋದು.

ಗಾಡಿ 2016 ಮಾಡೆಲ್, 2,523 ಸಿಸಿ ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್ಲು. ಹಿಂದಿನ ತಿಂಗಳು ತಾನೆ ಸರ್ವಿಸ್ ಮಾಡಿಸಿದ್ವಿ. ಸೀಸನ್ ಅರ್ಜೆಂಟು, ಆಯಿಲ್ ಫಿಲ್ಟರ್ ಕೇಳಿದ್ರೆ ಅಂಗಡಿಯವರು "ಇದೇ ಸೆಟ್ ಆಗುತ್ತೆ ಅಣ್ಣ, ಎಲ್ರೂ ಇದೇ ತಗೊಂಡ್ ಹೋಗೋದು" ಅಂದ್ರು, ಬಾಕ್ಸ್ ನೋಡಿದ್ರೆ ನಾವು ಯಾವಾಗ್ಲೂ ತರೋ ಕಂಪ್ನಿದೇ ಬಣ್ಣ ಅದೇ ಅಕ್ಷರ, ರೇಟು ಮಾತ್ರ ನೂರು ಚಿಲ್ರೆ ಕಮ್ಮಿ, ಸರಿ ಅಂತ ತಗೊಂಡೆ. ಯಾವ ಕಂಪ್ನಿ ಬಾಕ್ಸು ಅಂತ ಇಲ್ಲಿ ಬರೆಯಲ್ಲ, ಅದು ಆ ಕಂಪ್ನಿ ತಪ್ಪಲ್ಲ, ಅವರ ಹೆಸರು ಕದ್ದು ಮಾಡಿದವರ ತಪ್ಪು. ಹಾಕಿದ ಮೂರನೇ ದಿನಕ್ಕೇ ಅಪ್ಪ ಹೇಳಿದ್ರು, "ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಗಿಂಡಿ ದೀಪ ಆರೋದು ಲೇಟಾಗ್ತಾ ಐತೆ ಕಣೋ, ಐದು ಎಣಿಸ್ಬೋದು" ಅಂತ. ಅದ್ರ ಜೊತೆಗೆ ಮೇಲೆ ಟಕ ಟಕ ಅಂತ ಸೌಂಡು. ನಾನು ಗಾಡಿ ಹಳೇದಾಯ್ತಲ್ಲ ಅಂತ ಬಿಟ್ಬಿಟ್ಟೆ. ಅದು ಫಿಲ್ಟರೇ ಕೊಡ್ತಿದ್ದ ಸೂಚನೆ ಅಂತ ಆಮೇಲೆ ಗೊತ್ತಾಯ್ತು.

ಹೊಸ ಫಿಲ್ಟರ್ ಹೊಸ ಆಯಿಲ್ ಹಾಕಿಸಿ ಗಾಡಿ ಎದ್ದು ನಿಂತ ಮೇಲೆ ಆ ಹಳೇದನ್ನ ಬಿಸಾಕೋಕೆ ಮನಸ್ಸಾಗ್ಲಿಲ್ಲ. ಒಂದು ದಿನ ತಲೆಕೆಳಗೆ ನಿಲ್ಸಿ ಆಯಿಲ್ ಬಸಿದು, ವೈಸ್‌ಗೆ ಕಚ್ಚಿಸಿ ಹ್ಯಾಕ್ಸಾದಲ್ಲಿ ಕುಯ್ದೆ. ಪಕ್ಕದಲ್ಲಿ ಶೆಡ್ಡಲ್ಲಿ ಬಿದ್ದಿದ್ದ ಹಳೇ ಒರಿಜಿನಲ್ ಒಂದನ್ನೂ ಕುಯ್ದಿಟ್ಟೆ. ಒಳಗಡೆ ಕಾಗದ ಸೀರೆ ನಿರಿಗೆ ತರ ಮಡಚಿಟ್ಟಿರ್ತಾರೆ ನೋಡಿ, ಒರಿಜಿನಲ್‌ನಲ್ಲಿ ಆ ನಿರಿಗೆ ಸುತ್ತಲೂ ಒಂದೇ ಸಮ, ಒಂದಕ್ಕೊಂದು ಒತ್ತಾಗಿ, ಬೆರಳಿಟ್ರೆ ಗಟ್ಟಿ. ಡೂಪ್ಲಿಕೇಟ್‌ದು ಅರ್ಧದಷ್ಟೂ ನಿರಿಗೆ ಇಲ್ಲ, ಇರೋವೂ ಎಲ್ಲಾ ಒಂದು ಕಡೆಗೆ ವಾಲಿ ಇನ್ನೊಂದು ಕಡೆ ಬೆರಳು ತೂರೋಷ್ಟು ಬಯಲು. ಕಾಗದದ ಎರಡು ಅಂಚು ಸೇರೋ ಜಾಗದಲ್ಲಿ ಅಂಟು ಪೂರ್ತಿ ಹಾಕೇ ಇಲ್ಲ, ಉಗುರಲ್ಲಿ ಎತ್ತಿದ್ರೆ ಬಾಯಿ ಬಿಡ್ತು. ಅಂದ್ರೆ ಆಯಿಲ್ಲು ಸೋಸೋ ಕಾಗದದ ಒಳಗೆ ಹೋಗೋ ಬದಲು ಆ ಸಂದಿಲೇ ಆರಾಮಾಗಿ ದಾಟಿ ಎಂಜಿನ್‌ಗೆ ಹೋಗ್ತಿತ್ತು. ಮತ್ತೆ ಒಳಗಿನ ತೆಳು ರಬ್ಬರ್, ಅದು ಬಳೆ ತರ ಬಿರುಸಾಗಿತ್ತು, ಮಡಚಿದ್ರೆ ಚಟ್ ಅಂತ ಮುರೀತು. ಕೂತು ನೋಡ್ತಾ ಇದ್ರೆ ಕೋಪಕ್ಕಿಂತ ಹೆಚ್ಚು ದುಃಖ ಆಯ್ತು, ಇಂಥದನ್ನ ನಂಬ್ಕೊಂಡು ಎರಡು ಜೀವ, ಬೇರೆಯವರ ತಿಂಗಳ ಬೆಳೆ, ಎಲ್ಲಾ ಹೈವೇ ಮೇಲೆ ಹೋಗ್ತಿದ್ವಲ್ಲ ಅಂತ.

ಆ ರಬ್ಬರ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಜಾಸ್ತಿ ಜನ ಇದನ್ನ ನೋಡಿರಲ್ಲ. ಫಿಲ್ಟರ್ ತಳದಲ್ಲಿ ಸುತ್ತ ಸಣ್ಣ ಸಣ್ಣ ತೂತು, ಮಧ್ಯೆ ಮರೆ (ನಟ್ಟಿನೊಳಗಿರೋ ತರ ತಿರುಪಿನ ಗೆರೆ) ಇರೋ ಒಂದು ದೊಡ್ಡ ತೂತು ಇರುತ್ತೆ. ಸುತ್ತಲಿನ ತೂತಿಂದ ಆಯಿಲ್ ಒಳಗೆ ಬಂದು, ಕಾಗದ ದಾಟಿ, ಮಧ್ಯದಿಂದ ಆಚೆ ಹೋಗುತ್ತೆ. ಗಾಡಿ ರಾತ್ರಿಯೆಲ್ಲಾ ನಿಂತಾಗ ಒಳಗಿರೋ ಆಯಿಲ್ಲು ಹಿಂದಕ್ಕೆ ಇಳಿದು ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಹೋಗ್ದಂಗೆ ಆ ರಬ್ಬರ್ರು ಸುತ್ತಲಿನ ತೂತುಗಳನ್ನ ಮುಚ್ಕೊಂಡಿರುತ್ತೆ. ಅದು ಬಿರುಸಾಗಿದ್ರೆ ಬೆಳಿಗ್ಗೆಗೆ ಫಿಲ್ಟರ್ ಖಾಲಿ, ಸೆಲ್ಫ್ ಹೊಡೆದಾಗ ಪಂಪು ಮೊದಲು ಆ ಡಬ್ಬ ತುಂಬಿಸಿ ಆಮೇಲೆ ಎಂಜಿನ್ನಿಗೆ ಆಯಿಲ್ ಕೊಡ್ಬೇಕು. ಅಷ್ಟೊತ್ತೂ ಬೇರಿಂಗು, ಟರ್ಬೊ ಎಲ್ಲಾ ಹೆಚ್ಚುಕಮ್ಮಿ ಒಣಗಿದಂಗೇ ತಿರುಗ್ತಿರ್ತವೆ, ಟರ್ಬೊ ಅಂತೂ ಲೋಡಲ್ಲಿ ನಿಮಿಷಕ್ಕೆ ಲಕ್ಷದ ಮೇಲೆ ಸುತ್ತೋ ಸಾಮಾನು, ಅದಕ್ಕೆ ಆಯಿಲ್ ಬಿಟ್ರೆ ಬೇರೆ ಗತಿ ಇಲ್ಲ. ಅಪ್ಪ ಐದು ಎಣಿಸ್ತಿದ್ರಲ್ಲ, ಅದು ಇದೇ.

ಇನ್ನೊಂದು ಬೈಪಾಸ್ ವಾಲ್ವ್. ಚಳೀಲಿ ಆಯಿಲ್ ಗಟ್ಟಿಯಾಗಿದ್ದಾಗ, ಇಲ್ಲಾ ಕಾಗದ ಕಸ ತುಂಬಿ ಕಟ್ಕೊಂಡಾಗ ಎಂಜಿನ್ ಒಣಗ್ಬಾರ್ದು ಅಂತ ಸ್ಪ್ರಿಂಗ್ ತಳ್ಳಿ ಸೋಸದೇ ಇರೋ ಆಯಿಲ್ಲನ್ನೇ ದಾಟಿಸೋ ಬಾಗಿಲು ಅದು. ಕೊಳಕು ಆಯಿಲ್ ಸಿಕ್ರೂ ಪರವಾಗಿಲ್ಲ, ಆಯಿಲ್ಲೇ ಇಲ್ದಂಗೆ ಆಗ್ಬಾರ್ದು ಅನ್ನೋ ಲೆಕ್ಕ. ಆದ್ರೆ ಎಷ್ಟು ಪ್ರೆಶರ್‌ಗೆ ಅದು ತೆಗೀಬೇಕು ಅನ್ನೋದು ಎಂಜಿನ್ ಎಂಜಿನ್‌ಗೂ ಬೇರೆ, ಕೆಲವು ಎಂಜಿನ್‌ಗಳಲ್ಲಿ ಆ ವಾಲ್ವು ಫಿಲ್ಟರ್‌ನಲ್ಲಿ ಇರೋದೇ ಇಲ್ಲ, ಎಂಜಿನ್ ಕಡೇಲೇ ಇರುತ್ತೆ. ಸ್ಪ್ರಿಂಗ್ ಮೆತ್ತಗಿದ್ರೆ ಸುಮ್ಸುಮ್ನೆ ತೆರ್ಕೊಂಡು ಕೂತಿರುತ್ತೆ, ಆಗ ಫಿಲ್ಟರ್ ಇದ್ರೂ ಒಂದೇ ಇಲ್ದಿದ್ರೂ ಒಂದೇ. ಅದಕ್ಕೇ "ಕೂತ್ಕೊಳ್ತು ಅಂದ್ರೆ ಸಾಕು" ಅನ್ನೋ ಮಾತು ನಾನು ಈಗ ಒಪ್ಪಲ್ಲ.

ಕೂತ್ಕೊಳ್ಳೋದ್ರಲ್ಲೂ ಮೋಸ ಹೋಗ್ಬೋದು. ಫಿಲ್ಟರ್ ಮರೆಗಳಲ್ಲಿ 20 ಮಿಲಿಮೀಟರ್, 1.5 ಪಿಚ್‌ದು (ಪಿಚ್ ಅಂದ್ರೆ ಒಂದು ಮರೆಯಿಂದ ಇನ್ನೊಂದಕ್ಕಿರೋ ದೂರ, ಮಿಲಿಮೀಟರ್‌ನಲ್ಲಿ) ಒಂದು ಜಾಸ್ತಿ ಸಿಗೋ ಅಳತೆ, ಮುಕ್ಕಾಲು ಇಂಚು, ಇಂಚಿಗೆ 16 ಮರೆಯದು ಇನ್ನೊಂದು. ಮುಕ್ಕಾಲು ಇಂಚು ಅಂದ್ರೆ 19.05 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಮುಕ್ಕಾಲು ಇಂಚಿನ ಸ್ಟಡ್‌ಗೆ, ಅಂದ್ರೆ ಎಂಜಿನ್ ಕಡೆ ಇರೋ ಮರೆ ಕೊಳವೆಗೆ, 20ರ ಫಿಲ್ಟರ್ ಹಾಕಿದ್ರೆ ತಿರುಗುತ್ತೆ, ಟೈಟೂ ಆದಂಗೆ ಅನ್ಸುತ್ತೆ, ಆದ್ರೆ ಮರೆ ಪೂರ್ತಿ ಕಚ್ಚಿರಲ್ಲ, ಪ್ರೆಶರ್ ಏರಿದ ದಿನ ಕಿತ್ಕೊಂಡು ಬರುತ್ತೆ. ಹಾಕೋವಾಗ ಎರಡು ಸುತ್ತಾದ ಮೇಲೂ ಲಟಲಟ ಅಂತ ಅಲ್ಲಾಡ್ತಿದ್ರೆ ಅಲ್ಲೇ ನಿಲ್ಸಿ, ಅದು ನಿಮ್ ಗಾಡೀದಲ್ಲ.

ಆಯ್ಕೆ ಮಾಡೋದು ಹೆಂಗೆ ಅಂದ್ರೆ ನಾನು ಕಲ್ತಿದ್ದು, ಗಾಡಿ ಹೆಸರು ಹೇಳಿ ಫಿಲ್ಟರ್ ಕೇಳ್ಬಾರ್ದು, ನಂಬರ್ ಹೇಳಿ ಕೇಳ್ಬೇಕು. ಬೊಲೆರೊ ಪಿಕಪ್ ಅಂದ್ರೆ ಯಾವ ವರ್ಷದ್ದು? 2017 ಏಪ್ರಿಲ್‌ಗೆ ಗಾಡಿ ಹೊಗೆ ನಿಯಮ ದೇಶ ಪೂರ್ತಿ ಬಿಎಸ್4 ಆಯ್ತು, 2020 ಏಪ್ರಿಲ್‌ಗೆ ಬಿಎಸ್6 ಆಯ್ತು, ಹೆಸರು ಅದೇ ಇದ್ರೂ ಒಳಗಿನ ಸಾಮಾನು ಅದೇ ಇರುತ್ತೆ ಅಂತ ಹೇಳೋಕಾಗಲ್ಲ. ಒಂದೇ ಒಂದು ಸಲ ಕಂಪ್ನಿ ಸ್ಪೇರ್ಸ್ ಕೌಂಟರ್‌ಗೆ ಹೋಗಿ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ, ಆರ್‌ಸಿ ಫೋಟೊ ಪಕ್ಕದಲ್ಲೇ ಫೋನಲ್ಲಿ ಇಟ್ಕೊಳ್ಳಿ. ಆಮೇಲೆ ಬೇರೆ ಕಂಪ್ನಿದು ತಗೊಂಡ್ರೂ ಅವರ ಕ್ಯಾಟಲಾಗ್‌ನಲ್ಲಿ ಈ ನಂಬರ್‌ಗೆ ಯಾವ್ದು ಅಂತ ನೋಡಿ ತಗೋಬೋದು.

ಯಾವ ಕಂಪ್ನಿ ಒಳ್ಳೇದು ಅಂತ ಕೇಳೋರೇ ಜಾಸ್ತಿ. ಮಹೀಂದ್ರ ಒರಿಜಿನಲ್ ಬಿಟ್ರೆ ಬಾಷ್, ಮಾನ್, ಮಾಹ್ಲೆ, ಪ್ಯುರೊಲೇಟರ್, ಎಲೋಫಿಕ್, ಫ್ಲೀಟ್‌ಗಾರ್ಡ್ ಇವೆಲ್ಲಾ ಹೆಸರಿರೋ ಕಂಪ್ನಿಗಳೇ, ನಿಜವಾದ ಮಾಲು ಸಿಕ್ಕಿ, ನಂಬರ್ ಸರಿಯಾಗಿದ್ರೆ ಇವುಗಳಲ್ಲಿ ಯಾವ್ದು ಅನ್ನೋದಕ್ಕೆ ನಾನು ತಲೆ ಕೆಡಿಸ್ಕೊಳ್ಳಲ್ಲ. ನನ್ನ ಚಿಂತೆ ಎಲ್ಲಾ ಬಾಕ್ಸ್ ಒಳಗೆ ಇರೋದು ಅವರದ್ದೇನಾ ಅನ್ನೋದು. ಚೆನ್ನಾಗಿ ಹೋಗೋ ಹೆಸರನ್ನೇ ತಾನೇ ಕಳ್ಳರು ನಕಲು ಮಾಡೋದು.

ಅದಕ್ಕೆ ಈಗ ಅಂಗಡೀಲೇ ಬಾಕ್ಸ್ ಬಿಚ್ಚಿ ನೋಡ್ತೀನಿ, ಯಾರು ಏನಂದ್ಕೊಂಡ್ರೂ ಸರಿ. ಮೊದ್ಲು ಬಾಕ್ಸ್ ಮೇಲೆ ಎಂಆರ್‌ಪಿ, ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ ಇರ್ಲೇಬೇಕು, ಬಾಕ್ಸ್ ಮೇಲಿನ ನಂಬರ್ರೂ ಡಬ್ಬದ ಮೇಲಿನ ನಂಬರ್ರೂ ಒಂದೇ ಆಗಿರ್ಬೇಕು. ಹೋಲೊಗ್ರಾಮ್ ಒಂದನ್ನೇ ನಂಬಲ್ಲ, ಅದನ್ನೂ ಅಂಟಿಸ್ತಾರೆ. ಆಮೇಲೆ ಫೋನ್ ಟಾರ್ಚ್ ಹಾಕಿ ತಳದ ಸಣ್ಣ ತೂತಲ್ಲಿ ನೋಡ್ತೀನಿ, ಒಳಗೆ ರಬ್ಬರ್ ಕಾಣುತ್ತೆ, ಒಂದು ಶುದ್ಧವಾದ ಕಡ್ಡಿಯಿಂದ ಮೆಲ್ಲಗೆ ಒತ್ತಿದ್ರೆ ಮೆತ್ತಗೆ ಒಳಗೋಗಿ ವಾಪಸ್ ಬರ್ಬೇಕು. ಮರೆಯಲ್ಲಿ ಕಬ್ಬಿಣದ ಪುಡಿ ಇರ್ಬಾರ್ದು, ಬೆರಳು ಹಾಕಿ ತಿರುಗಿಸಿದ್ರೆ ಬೆರಳು ಕ್ಲೀನಾಗಿ ಬರ್ಬೇಕು. ಅಲ್ಲಾಡಿಸಿದ್ರೆ ಒಳಗೆ ಗಡಗಡ ಅನ್ಬಾರ್ದು. ಕೆಳಗಿನ ದೊಡ್ಡ ರಬ್ಬರ್ ರಿಂಗು ಡಬ್ಬದಲ್ಲಿ ಅದಕ್ಕಿರೋ ಸಂದಿಲಿ ಪೂರ್ತಿ ಸುತ್ತೂ ಕೂತಿರ್ಬೇಕು, ನಮ್ಮ ಡೂಪ್ಲಿಕೇಟ್‌ದು ಒಂದು ಕಡೆ ಎದ್ದಿತ್ತು, ಆವತ್ತು ಆಯಿಲ್ ಸುರಿದಿದ್ದೂ ಆ ಕಡೆಯಿಂದಾನೇ. ಇಷ್ಟೆಲ್ಲಾ ನೋಡಿದ್ರೂ ಒಳಗಿನ ಕಾಗದ ಹೆಂಗಿದೆ ಅಂತ ಹೊರಗಿಂದ ತಿಳಿಯಲ್ಲ, ಹಾಗಾಗಿ ಕೊನೆಗೆ ಜಿಎಸ್‌ಟಿ ಬಿಲ್ ಹರಿದು ಕೊಡೋ ಅಂಗಡಿ ಮುಖ್ಯ. ಬಿಲ್ ಕೇಳಿದ ತಕ್ಷಣ "ಬಿಲ್ ಯಾಕಣ್ಣ ಇಷ್ಟಕ್ಕೆ" ಅಂದ್ರೆ ನಾನು ಮುಂದಿನ ಅಂಗಡಿಗೆ ಹೋಗ್ತೀನಿ. ಬೆಂಗಳೂರಿಗೆ ಲೋಡ್ ಹೋದಾಗ ಜೆಸಿ ರೋಡಲ್ಲಿ ಡೀಲರ್ ಹತ್ರಾನೇ ಎರಡು ಮೂರು ಒಟ್ಟಿಗೆ ತಂದಿಟ್ಕೊಳ್ತೀನಿ, ಸೀಸನ್‌ನಲ್ಲಿ ಅರ್ಜೆಂಟಿಗೆ ಸಿಕ್ಕಿದ್ದು ತಗೊಳ್ಳೋ ಪರಿಸ್ಥಿತೀನೇ ಬರ್ಬಾರ್ದು ಅಂತ.

ಒಂದು ತಪ್ಪು ತಿಳುವಳಿಕೆ ನಮ್ ಕಡೆ ತುಂಬಾ ಇದೆ, "ಹೊಸ ಫಿಲ್ಟರ್ ಹಾಕಿ ವಾರ ಆಗಿಲ್ಲ, ಆಯಿಲ್ ಆಗ್ಲೇ ಕರ್ರಗಾಗಿದೆ, ಫಿಲ್ಟರ್ ಡೂಪ್ಲಿಕೇಟು" ಅಂತ. ಡೀಸೆಲ್ ಗಾಡೀಲಿ ಆಯಿಲ್ ಬೇಗ ಕಪ್ಪಾಗೋದು ಮಸಿಯಿಂದ. ಆ ಮಸಿ ಕಣ ಒಂದು ಮೈಕ್ರಾನ್‌ಗಿಂತಾನೂ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಚಿಕ್ಕದು, ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದ್ರೆ ಲೆಕ್ಕ ಹಾಕಿ. ಅಷ್ಟು ಸಣ್ಣದನ್ನ ಯಾವ ಮಾಮೂಲಿ ಫಿಲ್ಟರೂ ಹಿಡಿಯಲ್ಲ, ಅದನ್ನ ಗಡ್ಡೆ ಕಟ್ಟದಂಗೆ ತೇಲಿಸಿ ಇಟ್ಕೊಳ್ಳೋದು ಆಯಿಲ್‌ನಲ್ಲಿರೋ ಕೆಮಿಕಲ್ ಕೆಲಸ. ಫಿಲ್ಟರ್ ಹಿಡಿಯೋದು ಅದಕ್ಕಿಂತ ದೊಡ್ಡದನ್ನ, ಲೋಹದ ಚೂರು, ಗಾಳಿ ಜೊತೆ ಒಳಗೆ ಬಂದ ಮಣ್ಣಿನ ಕಣ. ತೋಟದ ದಾರೀಲಿ ಓಡೋ ನಮ್ಮಂಥ ಗಾಡಿಗೆ ಈ ಮಣ್ಣೇ ದೊಡ್ಡ ಶತ್ರು, ಏರ್ ಫಿಲ್ಟರ್ ಸರಿಯಾಗಿ ಇಲ್ದಿದ್ರೆ ಎಷ್ಟು ಒಳ್ಳೇ ಆಯಿಲ್ ಫಿಲ್ಟರ್ ಹಾಕಿದ್ರೂ ಕಟ್ಕೊಳ್ಳುತ್ತೆ. ಹಂಗೇ ಆಯಿಲ್ ಮಾತ್ರ ಬದಲಾಯಿಸಿ ಫಿಲ್ಟರ್ ಮುಂದಿನ ಸಲಕ್ಕೆ ಅನ್ನೋದೂ ಬೇಡ, ಆ ಡಬ್ಬದಲ್ಲಿ ನಿಂತಿರೋ ಕೊಳಕು ಆಯಿಲ್ಲು ಹೊಸದಕ್ಕೆ ಮೊದಲ ನಿಮಿಷದಲ್ಲೇ ಬೆರೆಯುತ್ತೆ.

ಹಾಕೋವಾಗ ನಾನು ಪಕ್ಕದಲ್ಲೇ ನಿಂತಿರ್ತೀನಿ. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗು ಅದರ ಜೊತೇಲೇ ಬಂತಾ ಇಲ್ಲಾ ಎಂಜಿನ್‌ಗೇ ಅಂಟ್ಕೊಂಡಿದ್ಯಾ ನೋಡ್ಬೇಕು, ಹಳೇ ರಿಂಗಿನ ಮೇಲೇ ಹೊಸದು ಕೂತ್ರೆ ಎರಡು ರಿಂಗು ಜಾರಿ ಆಯಿಲ್ ಪೂರ್ತಿ ಸುರಿದು ಹೋಗುತ್ತೆ. ಹೊಸ ರಿಂಗಿಗೆ ಬೆರಳಲ್ಲಿ ಸ್ವಲ್ಪ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ರಿಂಗು ಮುಟ್ಟಿದ ಮೇಲೆ ಸುಮಾರು ಮುಕ್ಕಾಲು ಸುತ್ತು, ಡಬ್ಬದ ಮೇಲೆ ಬೇರೆ ಅಳತೆ ಬರೆದಿದ್ರೆ ಅದೇ. ಸ್ಪ್ಯಾನರ್ ಹಾಕಿ ಬಿಗಿಯೋಕೆ ಬಿಡಲ್ಲ. ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಟ್ಟು ಬುಡಕ್ಕೆ ಟಾರ್ಚ್ ಹಾಕಿ ನೋಡಿ, ಆಫ್ ಮಾಡಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸೋ ಕಡ್ಡಿ) ಇನ್ನೊಂದ್ಸಲ ನೋಡ್ತೀವಿ. ಮಾರನೇ ದಿನ ಬೆಳಿಗ್ಗೆ ಅಪ್ಪಾನೇ ಸ್ಟಾರ್ಟ್ ಮಾಡಿ ದೀಪ ಆರೋದನ್ನ ಎಣಿಸ್ತಾರೆ.

ಡಬ್ಬದ ಮೇಲೆ ಮಾರ್ಕರ್‌ನಲ್ಲಿ ತಾರೀಖು, ಕಿಲೋಮೀಟರ್ ಬರೆಯೋದು ಅಪ್ಪಂದೇ ಐಡಿಯಾ. ಬಿಚ್ಚಿದ್ದನ್ನ ಪ್ರತಿ ಸಲ ಕುಯ್ದು, ಕಾಗದ ಉದ್ದಕ್ಕೆ ಬಿಡಿಸಿ, ಬಿಸಿಲಲ್ಲಿ ಹಿಡಿದು ನೋಡ್ತೀವಿ, ಮಿರಮಿರ ಮಿನುಗೋ ಚೂರು ಜಾಸ್ತಿ ಕಂಡ್ರೆ ಒಳಗೆ ಬೇರಿಂಗು ಸವೀತಿದೆ ಅಂತ ಅರ್ಥ. ಹೋದ ತಿಂಗಳು ಬಿಚ್ಚಿದ್ರಲ್ಲಿ ನಿರಿಗೆ ಎಲ್ಲಾ ನೆಟ್ಟಗಿತ್ತು, ಅಂಟು ಬಿಟ್ಟಿರ್ಲಿಲ್ಲ, ಮಸಿ ಬಿಟ್ರೆ ಬೇರೆ ಏನೂ ಇರ್ಲಿಲ್ಲ. ಅಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿ, ಕಾಗದ ನನ್ನ ಕೈಗೆ ಕೊಟ್ಟು, ಲೋಡ್ ತುಂಬೋಕೆ ಹೋದ್ರು.