ಐದನೆಯ ಸ್ಟೂಲು

ನಾವು ಐದು ಜನ. ಆನ್‌ಲೈನ್ ಆಟಗಳಲ್ಲಿ ನಮಗೆ ಬಂದ ಕಷ್ಟವೆಲ್ಲ ಈ ಐದರ ಲೆಕ್ಕದಿಂದಲೇ ಬಂತು. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ನಮ್ಮ ಮನೆ ಕೊಡಗಿನ ಚೇರಂಬಾಣೆಯಿಂದ ಸ್ವಲ್ಪ ಒಳಗೆ. ಜೂನ್ ಬಂತು ಅಂದರೆ ಇಲ್ಲಿ ಯಾರು ಫೋನ್ ಮಾಡಿದರೂ ಮೊದಲ ಮಾತು "ನಿಮ್ಮಲ್ಲಿ ಎಷ್ಟು ಇಂಚು?" ತೋಟಕ್ಕೆ ಇಳಿಯುವ ಹಾಗಿಲ್ಲ, ಕರೆಂಟ್ ಇಲ್ಲ, ಸಂಜೆಗೇ ಕತ್ತಲೆ. 2017ರ ಅಂಥದ್ದೊಂದು ಮಳೆಗಾಲದಲ್ಲಿ ಜಗಲಿಯಲ್ಲಿ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಆಟ ಶುರು ಮಾಡಿದೆವು. ಅದರ ಮೂಲ ನಿಯಮಗಳು ಪುಕ್ಕಟೆ ಸಿಗುತ್ತವೆ. ಮಡಿಕೇರಿಯಲ್ಲಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿದೆ. ಇಪ್ಪತ್ತು ಮುಖದ ದಾಳ ಕೈಗೆ ಬರುವ ತನಕ ಒಂದರಿಂದ ಇಪ್ಪತ್ತು ಬರೆದ ಚೀಟಿಗಳನ್ನು ತಾಮ್ರದ ಚೊಂಬಿಗೆ ಹಾಕಿ ಎತ್ತುತ್ತಿದ್ದೆವು. ಈಗಲೂ ಚಿಕ್ಕಮ್ಮನ ಮಗನಿಗೆ ದಾಳಕ್ಕಿಂತ ಆ ಚೊಂಬಿನ ಮೇಲೇ ನಂಬಿಕೆ ಜಾಸ್ತಿ.

ಗೊತ್ತಿಲ್ಲದವರಿಗೆ ಒಂದು ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ ಆಟ ಇದು. ಒಬ್ಬ ಕಥೆ ನಡೆಸುತ್ತಾನೆ, ಅವನಿಗೆ ಡಿಎಂ, ಅಂದರೆ ಡಂಜನ್ ಮಾಸ್ಟರ್ ಅನ್ನುತ್ತಾರೆ, ನಮ್ಮಲ್ಲಿ ಅದು ನಾನು. ಉಳಿದವರದ್ದು ಒಂದೊಂದು ಪಾತ್ರ. ಸೇತುವೆ ಮೇಲೆ ರಾಕ್ಷಸ ನಿಂತಿದ್ದಾನೆ, ದಾಟಬೇಕಾದರೆ ಸುಂಕ ಕೊಡಬೇಕಂತೆ, ಏನು ಮಾಡ್ತೀರಿ ಅಂತ ನಾನು ಕೇಳುತ್ತೇನೆ. ಆಟ ಇರುವುದು ಆ ಪ್ರಶ್ನೆಯಲ್ಲಿ. ಉತ್ತರ ಏನು ಬೇಕಾದರೂ ಆಗಬಹುದು, ಅದು ನಡೆಯುತ್ತದೋ ಇಲ್ಲವೋ ಅಂತ ದಾಳ ಹೇಳುತ್ತದೆ. ಆ ದಿನ ಚಿಕ್ಕಮ್ಮನ ಮಗ ಕತ್ತಿ ಎತ್ತಲಿಲ್ಲ. "ಅಣ್ಣ, ಅವನ ಊಟ ಆಯ್ತಾ ಕೇಳ್ತೇನೆ" ಅಂದ. ಅಷ್ಟೇ, ರಾತ್ರಿ ಹನ್ನೊಂದರ ತನಕ ರಾಕ್ಷಸನಿಗೆ ಅಡಿಗೆ ಮಾಡಿ ಬಡಿಸುವುದೇ ಆಯಿತು. ನಾನು ಬರೆದು ಇಟ್ಟುಕೊಂಡಿದ್ದ ಯುದ್ಧ ಹಾಗೇ ಉಳಿಯಿತು. ನನಗೆ ಇವತ್ತಿಗೂ ಬಹಳ ಇಷ್ಟವಾದ ರಾತ್ರಿ ಅದು.

ಸಂಪಾಜೆಯ ಮಾವ ಇದನ್ನು ಒಮ್ಮೆ ಪಕ್ಕದಲ್ಲಿ ಕೂತು ನೋಡಿದರು. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಅರ್ಧ ಗಂಟೆ ಸುಮ್ನೆ ಕೇಳಿ, "ಹಾಗಾದ್ರೆ ನೀನು ಭಾಗವತ, ಇವರೆಲ್ಲ ಅರ್ಥಧಾರಿಗಳು, ಅಲ್ವಾ?" ಅಂದರು. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಎದುರುಬದುರು ಕೂತ ಜನ, ಮಾತೇ ಎಲ್ಲ. ಅಲ್ಲಿ ಪ್ರಸಂಗ ಹೇಗೆ ಮುಗಿಯುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಇಲ್ಲಿ ಭಾಗವತನಿಗೂ ಗೊತ್ತಿರುವುದಿಲ್ಲ.

ಆಮೇಲೆ ಎಲ್ಲ ಕಡೆ ಆಗುವ ಹಾಗೆ ನಮ್ಮಲ್ಲೂ ಆಯಿತು. ಗೆಳತಿಗೆ ಬೆಂಗಳೂರಲ್ಲಿ ಕೆಲಸ. ಚಿಕ್ಕಮ್ಮನ ಮಗ ಮಂಗಳೂರಿಗೆ ಓದಲು ಹೋದ. ಗೋಣಿಕೊಪ್ಪದ ಗೆಳೆಯನಿಗೆ ಅಂಗಡಿ. ಭಾವ, ಅಂದರೆ ಅಕ್ಕನ ಗಂಡ, ಕುಶಾಲನಗರದಲ್ಲಿ ಮನೆ ಕಟ್ಟಿಸುವ ಕೆಲಸ ನೋಡಿಕೊಳ್ಳುತ್ತಾರೆ. ಜಗಲಿಯ ಆಟ ಹುತ್ತರಿಗೊಮ್ಮೆ, ತುಲಾ ಸಂಕ್ರಮಣಕ್ಕೊಮ್ಮೆ ಅನ್ನುವ ಹಾಗಾಯಿತು. ವಿಡಿಯೋ ಕಾಲ್‌ನಲ್ಲೂ ಆಡಿ ನೋಡಿದೆವು. ಲೈನ್ ನಿಧಾನ, ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದ್ದೂ ಕೇಳುವುದಿಲ್ಲ, "ಹಾಂ ನೀನು ಹೇಳು, ಇಲ್ಲ ನೀನು ಹೇಳು" ಅನ್ನುವುದರಲ್ಲೇ ಅರ್ಧ ಸಂಜೆ ಹೋಗುತ್ತಿತ್ತು. ಹಾಗಾಗಿ ಎಲ್ಲರೂ ಸೇರಿ ಆನ್‌ಲೈನ್ ಆಟ ಆಡುವ ಅಂತ ಚಿಕ್ಕಮ್ಮನ ಮಗನೇ ಹೊರಡಿಸಿದ.

ಮೊದಲು ಮೊಬೈಲ್‌ನಲ್ಲಿ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅನ್ನುವ ಗುಂಡು ಹಾರಿಸುವ ಆಟ. ಅದು ನಮ್ಮದಲ್ಲ. ನೂರು ಜನ ಇಳಿಯುತ್ತಾರೆ, ವೃತ್ತ ಸಣ್ಣದಾಗುತ್ತಾ ಬರುತ್ತದೆ, ನಮ್ಮ ನಡುವೆ ನಡೆಯುವ ಮಾತು ಅಂದರೆ "ಎಡಕ್ಕೆ, ಮರದ ಹಿಂದೆ, ಬಗ್ಗು" ಅಷ್ಟೇ. ಗೆಳತಿ ಎರಡೇ ನಿಮಿಷದಲ್ಲಿ ಸತ್ತು ಚಹಾಕ್ಕೆ ನೀರಿಡಲು ಹೋಗುತ್ತಿದ್ದಳು. ಒಂದು ತಂಡಕ್ಕೆ ನಾಲ್ಕೇ ಜನ. ಭಾವ ಮೊಬೈಲ್‌ನಲ್ಲಿ ಇಂಥದ್ದು ಆಡುವವರೂ ಅಲ್ಲ, ಹಾಗಾಗಿ ಆಗ ಅದು ನಮ್ಮ ಗಮನಕ್ಕೇ ಬರಲಿಲ್ಲ.

ಆಮೇಲೆ ಬಾಲ್ಡರ್ಸ್ ಗೇಟ್ 3. ಇದಕ್ಕೆ ನಾನು ಬಹಳ ಆಸೆಯಿಂದ ಕಾದಿದ್ದೆ, ಯಾಕೆಂದರೆ ಇದರ ನಿಯಮಗಳೇ ನಾವು ಜಗಲಿಯಲ್ಲಿ ಆಡುವ ನಿಯಮಗಳು. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ಮಾಡಿದ್ದು. ಕಂಪ್ಯೂಟರ್‌ಗೆ ಪೂರ್ತಿಯಾಗಿ ಬಂದದ್ದು 2023ರ ಆಗಸ್ಟ್ 3ಕ್ಕೆ. ಆ ದಿನ ನಮ್ಮಲ್ಲಿ ಆಟಿ 18, ಕಕ್ಕಡ ಹದಿನೆಂಟು, ಮದ್ದು ಸೊಪ್ಪಿನ ಪಾಯಸದ ದಿನ! ನಾನದನ್ನು ಶುಭಶಕುನ ಅಂತಲೇ ತಗೊಂಡೆ. ಆದರೆ ಅದಕ್ಕೆ 150 ಜಿಬಿ ಜಾಗ ಬೇಕು, ನಮ್ಮ ಲೈನ್ ಇರುವುದೋ ಸಿಲ್ವರ್ ಮರದಿಂದ ಮರಕ್ಕೆ ಕಟ್ಟಿದ ಒಂದು ಕೇಬಲ್, ಕೊಂಬೆ ಬಿದ್ದರೆ ಮೂರು ದಿನ ಸುದ್ದಿ ಇಲ್ಲ. ಕೊನೆಗೆ ಗೆಳತಿ ತನ್ನ ಕಂಪ್ಯೂಟರಿಂದ ಹಾರ್ಡ್ ಡಿಸ್ಕಿಗೆ ತುಂಬಿಸಿ, ಅದನ್ನು ಬಟ್ಟೆಯೊಳಗೆ ಸುತ್ತಿ ಬಸ್ಸಲ್ಲಿ ತಂದಳು.

ಆಟ ಚೆನ್ನಾಗಿದೆ, ನಿಜಕ್ಕೂ ಚೆನ್ನಾಗಿದೆ. ಪರದೆ ಮೇಲೆ ಇಪ್ಪತ್ತು ಮುಖದ ದಾಳ ಉರುಳುವಾಗ ನನ್ನ ಹೊಟ್ಟೆಯಲ್ಲಿ ಜಗಲಿಯಲ್ಲಿ ಆಗುವಂಥದ್ದೇ ಆಗುತ್ತದೆ. ಇನ್ನೊಂದು ಸಂತೋಷ ನಾನು ಎಣಿಸಿಯೇ ಇರಲಿಲ್ಲ. ಆರು ವರ್ಷ ಕಥೆ ನಡೆಸಿದ ಮೇಲೆ ಮೊದಲ ಸಲ, ಮುಂದಿನ ಬಾಗಿಲ ಹಿಂದೆ ಏನಿದೆ ಅಂತ ನನಗೆ ಗೊತ್ತಿರಲಿಲ್ಲ. ಡಿಎಂ ಆದವರಿಗೆ ಇದು ಎಂಥ ಸುಖ ಅಂತ ಗೊತ್ತಿರುತ್ತದೆ. ನಾನು ಮಕ್ಕಳ ಹಾಗೆ ಎಲ್ಲ ಬಾಗಿಲೂ ತೆಗೆದೆ.

ಆದರೆ ಒಂದು ರಾತ್ರಿ ಗಾಬ್ಲಿನ್ ಅನ್ನುವ ಒಬ್ಬ ಕುಳ್ಳ ರಾಕ್ಷಸ ದಾರಿಗೆ ಅಡ್ಡ ನಿಂತಿದ್ದ. ಉತ್ತರಗಳ ಪಟ್ಟಿ ಬಂತು. ಚಿಕ್ಕಮ್ಮನ ಮಗ ಅದನ್ನು ಓದಿ, ಸ್ವಲ್ಪ ಹೊತ್ತು ಬಿಟ್ಟು, "ಅಣ್ಣ, ಇವನ ಊಟ ಆಯ್ತಾ ಕೇಳ್ಲಿಕ್ಕೆ ಆಗುವುದಿಲ್ವಾ?" ಅಂದ. ಪಟ್ಟಿಯಲ್ಲಿ ಅದು ಇರಲಿಲ್ಲ. ಆ ಆಟ ಮಾಡಿದವರು ಊಹಿಸಬಹುದಾದಷ್ಟನ್ನು ಊಹಿಸಿ ಬರೆದಿದ್ದಾರೆ, ಸತ್ತವರ ಹತ್ತಿರ ಮಾತಾಡಬಹುದು, ಪ್ರಾಣಿಗಳ ಹತ್ತಿರ ಮಾತಾಡಬಹುದು. ಆದರೂ ಬರೆದಿಟ್ಟ ಪಟ್ಟಿ ಪಟ್ಟಿಯೇ. ಹೊಸ ಮಾತಿಗೆ ತಿರುಗಿ ಉತ್ತರ ಕೊಡಲು ಎದುರಿಗೆ ಇನ್ನೊಬ್ಬ ಮನುಷ್ಯ ಬೇಕು.

(ಆನ್‌ಲೈನ್ ಲೋಕಗಳ ಮೊದಲಿನ ದಿನಗಳಲ್ಲಿ ಚಿತ್ರವೇ ಇರಲಿಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ ರಿಚರ್ಡ್ ಬಾರ್ಟಲ್ ಬೆಳೆಸಿದ ಮಡ್ ಅನ್ನುವ ಆಟದಲ್ಲಿ ಎಲ್ಲವೂ ಅಕ್ಷರ. ಏನು ಮಾಡ್ತೀಯೋ ಅದನ್ನು ಟೈಪ್ ಮಾಡಬೇಕು. ಅದನ್ನು ಒಮ್ಮೆ ಆಡಬೇಕು ಅಂತ ನನಗೆ ತುಂಬ ಆಸೆ.)

ಪಟ್ಟಿಗಿಂತ ದೊಡ್ಡ ತೊಂದರೆ ಬೇರೆ ಇತ್ತು. ಬಾಲ್ಡರ್ಸ್ ಗೇಟ್‌ನಲ್ಲಿ ಒಟ್ಟಿಗೆ ಆಡಬಹುದಾದದ್ದು ನಾಲ್ಕೇ ಜನ. ಭಾವ ತಕ್ಷಣ, "ನೀವು ಆಡಿ ಮಾರಾಯ, ನನಗೆ ಬೆಳಗ್ಗೆ ಬೇಗ ಕಾಂಕ್ರೀಟ್ ಕೆಲಸ ಉಂಟು" ಅಂದರು. ನಾವು ಆಡಿದೆವು. ಮೂರು ವಾರ ಆದ ಮೇಲೆ, ಆಟ ಹೇಗೆ ನಡೆಯುತ್ತಿದೆ ಅಂತ ಅವರು ಕೇಳುವುದನ್ನೇ ನಿಲ್ಲಿಸಿದ್ದಾರೆ ಅಂತ ನನಗೆ ಹೊಳೆಯಿತು. ಬಹಳ ಬೇಜಾರಾಯಿತು. ಜಗಲಿಯಲ್ಲಿ ಐದನೆಯವರು ಬಂದರೆ ಒಳಗಿಂದ ಒಂದು ಸ್ಟೂಲು ತಂದು ಹಾಕುತ್ತೇವೆ, ಆರನೆಯವರು ಬಂದರೆ ಮೆಟ್ಟಿಲ ಮೇಲೆ ಕೂರುತ್ತಾರೆ. ಜಾಗ ಇಲ್ಲ ಅನ್ನುವ ಮಾತೇ ಇಲ್ಲ.

ಡೆನ್ಮಾರ್ಕಿನವರು ಮಾಡಿದ ಡೀಪ್ ರಾಕ್ ಗ್ಯಾಲಕ್ಟಿಕ್ ತಗೊಂಡೆವು. ಕುಳ್ಳರು ಗುಹೆ ಕೊರೆದು ಖನಿಜ ತೆಗೆಯುವ ಆಟ. ಒಬ್ಬ ಬೆಳಕು ಹಾರಿಸುವವನು, ಒಬ್ಬ ಕೊರೆಯುವವನು, ಒಬ್ಬ ಗೋಡೆಗೆ ಮೆಟ್ಟಿಲು ಅಂಟಿಸುವವನು, ಒಬ್ಬ ಗುಹೆಗೆ ಅಡ್ಡ ಹಗ್ಗ ಕಟ್ಟುವವನು, ಒಬ್ಬರಿಲ್ಲದೆ ಒಬ್ಬರಿಗೆ ಆಗುವುದಿಲ್ಲ. ಬಹಳ ಖುಷಿಯ ಆಟ. ಅದರಲ್ಲೂ ನಾಲ್ಕು! ಸರದಿಯಲ್ಲಿ ಒಬ್ಬೊಬ್ಬರು ಹೊರಗೆ ಕೂತೆವು. ಷಟಲ್ ಆಡುವಾಗ ಅದು ನಡೆಯುತ್ತದೆ. ವಾರಕ್ಕೊಂದೇ ಸಂಜೆ ಸಿಗುವವರಿಗೆ ನಡೆಯುವುದಿಲ್ಲ.

ಹಾಗೆ ಗೆಳತಿ ಹುಡುಕಿದ್ದು ವಾಲ್‌ಹೈಮ್. ಸ್ವೀಡನ್ನಿನ ಒಂದು ಸಣ್ಣ ತಂಡದ ಆಟ, 2021ರ ಫೆಬ್ರವರಿಯಿಂದ ಸಿಗುತ್ತಿದೆ. ಹತ್ತು ಜನ ಒಟ್ಟಿಗೆ ಆಡಬಹುದು. ಬಸ್ಸಲ್ಲಿ ಹಾರ್ಡ್ ಡಿಸ್ಕ್ ತರುವಷ್ಟು ದೊಡ್ಡದೂ ಅಲ್ಲ, ನಮ್ಮ ಕೇಬಲ್ಲೇ ರಾತ್ರಿಯಲ್ಲಿ ಇಳಿಸಿಕೊಟ್ಟಿತು. ಬರಿಗೈಯಲ್ಲಿ ಒಂದು ಕಾಡಿಗೆ ಬಂದು ಬೀಳುತ್ತೀರಿ. ಮರ ಕಡಿಯಬೇಕು, ಗುಡಿಸಲು ಕಟ್ಟಬೇಕು. ಕಡಿದ ಮರ ಮೇಲೆ ಬಿದ್ದರೆ ಸಾಯುತ್ತೀರಿ. ತೋಟದಲ್ಲಿ ಮರ ಕಪಾತು ಮಾಡಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ಗೋಣಿಕೊಪ್ಪದ ಗೆಳೆಯ ಮೊದಲ ದಿನವೇ ಎರಡು ಸಲ ಸತ್ತ. ಸತ್ತ ಜಾಗದಲ್ಲಿ ನಮ್ಮ ಸಾಮಾನು ಉಳಿಯುತ್ತದೆ, ವಾಪಸ್ ಹೋಗಿ ತರಬೇಕು.

ಇಲ್ಲಿ ಭಾವ ಎದ್ದು ನಿಂತರು. ಜಗಲಿಯಲ್ಲಿ ಅವರದ್ದು ಗಾಯಕ್ಕೆ ಮದ್ದು ಹಾಕುವ ಪಾತ್ರ. ಆರು ವರ್ಷದಲ್ಲಿ "ನಾನು ಮದ್ದು ಹಾಕ್ತೇನೆ" ಅನ್ನುವುದಕ್ಕಿಂತ ಹೆಚ್ಚು ಅವರು ಮಾತಾಡಿದ್ದು ಕಡಿಮೆ. ವಾಲ್‌ಹೈಮ್‌ನಲ್ಲಿ ನಾವು ಕಟ್ಟಿದ ಮನೆಯೊಳಗೆ ಒಲೆ ಹಚ್ಚಿದೆವು, ಹೊಗೆ ತುಂಬಿ ಎಲ್ಲರ ಜೀವ ಇಳಿಯತೊಡಗಿತು. ಆ ಆಟದಲ್ಲಿ ಹೊಗೆ ಹೋಗಲು ದಾರಿ ಬಿಡದಿದ್ದರೆ ಹಾಗಾಗುತ್ತದೆ. "ಇಳಿಯಿರಿ ಎಲ್ಲ, ಹೊರಗೆ ಹೋಗಿ" ಅಂದರು ಭಾವ. ಮನೆಯ ಮಾಡು, ಅಂದರೆ ಚಾವಣಿ ಬಿಚ್ಚಿ, ನೆತ್ತಿಯಲ್ಲಿ ಕಿಂಡಿ ಬಿಟ್ಟು, ಅದರ ಮೇಲೆ ಇನ್ನೊಂದು ಸಣ್ಣ ಮಾಡು ಕೂರಿಸಿದರು. ಮಳೆ ನೀರು ಒಳಗೆ ಬರುವುದಿಲ್ಲ, ಹೊಗೆ ಹೊರಗೆ ಹೋಗುತ್ತದೆ. ಮಳೆಗೆ ಸಿಕ್ಕಿದ ಮರ ಆ ಆಟದಲ್ಲಿ ಸವೆಯುತ್ತದೆ. ಹಾಗಾಗಿ ಸೂರನ್ನು ಗೋಡೆಯಿಂದ ಮುಂದಕ್ಕೆ ಚಾಚಿದರು, ನಮ್ಮ ಹಳೆ ಮನೆಗಳಲ್ಲಿ ಇರುವ ಹಾಗೆಯೇ. "ಗೋಡೆಗೆ ನೀರು ಹೊಡೀಬಾರ್ದು ಮಾರಾಯ, ಗೋಡೆ ಉಳಿದ್ರೆ ಮನೆ ಉಳೀತದೆ" ಅಂತ ಹೇಳಿಕೊಡುತ್ತಾ ಕಟ್ಟಿದರು. ಅವರು ಒಟ್ಟಿಗೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಈ ಆಟದ ಕಬ್ಬಿಣದ ವಿಷಯ ಹೇಳಲೇಬೇಕು. ಕಬ್ಬಿಣ ಸಿಗುವುದು ಜೌಗಿನಲ್ಲಿ, ಅಲ್ಲಿ ಸದಾ ಮಳೆ. ದೂರದ ಊರಿಗೆ ಕ್ಷಣದಲ್ಲಿ ಹೋಗುವ ಮಾಯದ ಬಾಗಿಲುಗಳಿವೆ, ಆದರೆ ಕಬ್ಬಿಣ ಹೊತ್ತುಕೊಂಡು ಅದರೊಳಗೆ ಹೋಗುವ ಹಾಗಿಲ್ಲ. ದೋಣಿಯಲ್ಲೇ ತರಬೇಕು. ಈ ನಿಯಮ ತೆಗೆದುಹಾಕಲು ಸೆಟ್ಟಿಂಗ್ ಇದೆ, ಚಿಕ್ಕಮ್ಮನ ಮಗ ತೆಗೆಯುವ ಅಂದ, ಭಾವ ಬೇಡ ಅಂದರು. ಒಳ್ಳೆಯದೇ ಆಯಿತು. ದೋಣಿಯಲ್ಲಿ ಒಬ್ಬರು ಚುಕ್ಕಾಣಿ ಹಿಡಿಯುತ್ತಾರೆ, ಉಳಿದ ನಾಲ್ವರಿಗೆ ಕೆಲಸ ಇಲ್ಲ. ಗಾಳಿ ಎದುರಿದ್ದರೆ ಅರ್ಧ ಗಂಟೆ ಸಮುದ್ರ ನೋಡುತ್ತಾ ಕೂರಬೇಕು.

ಅಲ್ಲಿ ಮಾತು ಬರುತ್ತದೆ. ಜಗಲಿಯ ಮಾತು ಬೇರೆ, ಇದು ಬೇರೆ. ಕಾಫಿ ಕುಯ್ಯುವಾಗ ಗಿಡದ ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಮುಖ ನೋಡದೆ ಮಾತಾಡುತ್ತಾರಲ್ಲ, ಹಾಗೆ. ಕೈಗೆ ಕೆಲಸ ಇರುತ್ತದೆ, ಕಣ್ಣು ಹಣ್ಣಿನ ಮೇಲೆ ಇರುತ್ತದೆ, ಮನೆಯಲ್ಲಿ ಬಾಯಿ ಬಿಡದವರೂ ಮಧ್ಯಾಹ್ನದೊಳಗೆ ಎಲ್ಲ ಹೇಳಿ ಮುಗಿಸಿರುತ್ತಾರೆ. ಗೆಳತಿ ಕೆಲಸ ಬಿಡುವ ಯೋಚನೆಯನ್ನು ನಮಗೆ ಹೇಳಿದ್ದು ದೋಣಿಯಲ್ಲಿ. ಗೋಣಿಕೊಪ್ಪದ ಗೆಳೆಯ ಅಂಗಡಿ ಸಾಲದ ವಿಷಯ ತೆಗೆದದ್ದೂ ಅಲ್ಲೇ.

ಭಾವ ಒಂದು ರಾತ್ರಿ ಚುಕ್ಕಾಣಿ ಹಿಡಿದಿದ್ದರು. ನಮ್ಮ ಕಡೆ ಜೋರು ಮಳೆ, ಹೆಂಚಿನ ಸದ್ದು ಮೈಕಲ್ಲಿ ಎಲ್ಲರಿಗೂ ಕೇಳುತ್ತಿತ್ತು. "ನೋಡು, ಜಗಲಿಯಲ್ಲಿ ನೀನು 'ಏನು ಮಾಡ್ತೀರಿ ಭಾವ' ಅಂತ ಕೇಳ್ತೀಯಲ್ಲ" ಅಂದರು, "ಆಗ ಎಲ್ಲರೂ ನನ್ನ ಮುಖ ನೋಡ್ತೀರಿ. ನನಗೆ ಏನೂ ಹೊಳೆಯುವುದಿಲ್ಲ. ಅದಕ್ಕೇ ಮದ್ದು ಹಾಕ್ತೇನೆ ಅಂತೇನೆ." ಯಾರೂ ಏನೂ ಹೇಳಲಿಲ್ಲ. ದೋಣಿ ಹೋಗುತ್ತಾ ಇತ್ತು. ನಾನು ಅತ್ಯಂತ ಪ್ರೀತಿಯಿಂದ ಕೇಳುತ್ತಿದ್ದ ಪ್ರಶ್ನೆ ಆರು ವರ್ಷ ಒಬ್ಬರಿಗೆ ಹೆದರಿಕೆ ಆಗಿತ್ತು. ಎದುರಿಗೆ ಕೂತಿದ್ದ ನನಗೆ ಅದು ಕಾಣಲಿಲ್ಲ.

ಮುಂದಿನ ಹುತ್ತರಿಗೆ ಎಲ್ಲರೂ ಮನೆಗೆ ಬಂದಾಗ ಒಂದು ಬದಲಾವಣೆ ಮಾಡಿದೆ. ಗ್ರಾಫ್ ಹಾಳೆ, ಸ್ಕೇಲು, ಪೆನ್ಸಿಲ್ ಭಾವನ ಮುಂದೆ ಇಟ್ಟು, ಈ ಕೋಟೆಯ ನಕ್ಷೆ ನೀವು ಹಾಕಿಕೊಡಿ ಅಂದೆ. ಅವರು ಹಾಕುತ್ತಾ ಹೋದರು. ಅರ್ಧ ಗಂಟೆ ಆದ ಮೇಲೆ, ಹಾಳೆಯಿಂದ ತಲೆ ಎತ್ತದೆ, "ಈ ಗೋಡೆಗೆ ತಳಪಾಯ ಸಾಲುವುದಿಲ್ಲ. ಇಲ್ಲಿ ಅಗೆದ್ರೆ ಒಳಗೆ ಹೋಗ್ಬಹುದು" ಅಂದರು. ಅಗೆದೆವು. ಚೀಟಿಯಲ್ಲಿ ಹದಿನೇಳು ಬಂತು.

ವಾಲ್‌ಹೈಮ್ ಲೋಕ ಮೊದಲು ನನ್ನ ಕಂಪ್ಯೂಟರ್‌ನಲ್ಲಿತ್ತು. ನಮ್ಮಲ್ಲಿ ಕರೆಂಟ್ ಹೋದರೆ ಐದೂ ಜನ ಹೊರಗೆ ಬೀಳುತ್ತಿದ್ದೆವು. ಯುಪಿಎಸ್ ಕಂಪ್ಯೂಟರನ್ನು ಹತ್ತು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ದಡ ಸೇರಿದರೆ ಪುಣ್ಯ. ಕಳೆದ ಜುಲೈಯಲ್ಲಿ ಅದನ್ನು ಗೆಳತಿಯ ಬೆಂಗಳೂರಿನ ಮನೆಗೆ ದಾಟಿಸಿದೆವು. ಜಗಲಿಯಲ್ಲಿ ನಾನಿಲ್ಲದೆ ಕಥೆ ಒಂದು ಹೆಜ್ಜೆ ನಡೆಯುವುದಿಲ್ಲ. ಹಾಗಾಗಿ ಲೋಕ ಬಿಟ್ಟುಕೊಡುವಾಗ ಸ್ವಲ್ಪ ಸಂಕಟವಾಯಿತು, ನಿಜ. ಕೇಬಲ್ ಕಡಿದು ನಾಲ್ಕು ದಿನ ಆಟಕ್ಕೆ ಹೋಗಲಿಲ್ಲ. ಐದನೆಯ ದಿನ ಹೋಗಿ ನೋಡಿದರೆ ದಡದಲ್ಲಿ ಹೊಸ ದೋಣಿಕಟ್ಟೆ, ಅದರ ಮೇಲೆ ಮಾಡು, ಕೆಳಗೆ ಮೇಜು. ಸುತ್ತ ಐದು ಸ್ಟೂಲು.

ಕಬ್ಬಿಣ ಮಾತ್ರ ಇನ್ನೂ ಆ ಕಡೆ ದಡದಲ್ಲೇ ಇದೆ. ಶನಿವಾರ ರಾತ್ರಿ ಒಂಬತ್ತಕ್ಕೆ ಹೊರಡುವುದು ಅಂತ ಆಗಿದೆ. ಇವತ್ತು ಬೆಳಗ್ಗೆ ಭಾವನ ಫೋನ್ ಬಂತು: "ಎಷ್ಟು ಇಂಚು ಬಂತು ನಿಮ್ಮಲ್ಲಿ? ಲೈನ್ ಉಂಟಾ?"