ಕಾಲೂ ಇಲ್ಲ, ಬಾಲವೂ ಇಲ್ಲ, ಮತ್ತೆ ಈ ಬ್ಯಾಕ್ಟೀರಿಯಾ ಹೋಗೋದು ಹೇಗೆ?

ಮಣ್ಣಿನಲ್ಲಿರುವ ಮಿಕ್ಸೊಕಾಕಸ್ ಕ್ಸಾಂಥಸ್ ಎಂಬ ಬ್ಯಾಕ್ಟೀರಿಯಾದ ವಿಡಿಯೊ ತೋರಿಸಿದಾಗೆಲ್ಲ ನನಗೆ ಬರುವ ಪ್ರಶ್ನೆ ಇದು. ಜತೆಗೇ ಒಂದು ಊಹೆಯೂ ಬರುತ್ತದೆ: ಹಿಂದಿನಿಂದ ಲೋಳೆ ಉಗುಳಿ ತನ್ನನ್ನು ತಾನೇ ತಳ್ಳಿಕೊಳ್ಳುತ್ತಾ?

ಲೋಳೆ ಬಿಡುವುದು ನಿಜ. ಹೋದ ದಾರಿಯಲ್ಲಿ ಅದರ ಗೆರೆ ಉಳಿಯುತ್ತದೆ, ಹಾಗಾಗಿ ಸಂಶೋಧಕರಲ್ಲೂ ಕೆಲವರು ಹಾಗೇ ಅಂದುಕೊಂಡಿದ್ದರು. ಆದರೆ ಈಗ ಸಿಕ್ಕಿರುವ ಪುರಾವೆ ನೋಡಿದರೆ, ಇದು ನೆಲವನ್ನು ಹಿಡಿದುಕೊಂಡೇ ಮುಂದೆ ಸಾಗುತ್ತದೆ. ಕೋಶದ ಮುಂದಿನ ತುದಿಯಲ್ಲಿ ಒಂದಷ್ಟು ಪ್ರೋಟೀನುಗಳು ಸೇರಿ ಒಂದು ಪುಟ್ಟ ಯಂತ್ರ ಕಟ್ಟುತ್ತವೆ. ಅದು ಹೊರಗೆ ನೆಲಕ್ಕೆ ಅಂಟಿಕೊಳ್ಳುತ್ತದೆ, ಒಳಗೆ ಪ್ರೋಟಾನುಗಳ ಹರಿವಿನಿಂದ ಶಕ್ತಿ ಪಡೆದು ಹಿಂದಕ್ಕೆ ನೂಕುತ್ತದೆ. ಆಳವಿಲ್ಲದ ನೀರಲ್ಲಿ ಅಂಬಿಗ ಗಳ ಊರಿ ದೋಣಿಯ ಮುಂದಿನಿಂದ ಹಿಂದಕ್ಕೆ ನಡೆಯುತ್ತಾನಲ್ಲ, ಹಾಗೆ: ಗಳ ಊರಿದಲ್ಲೇ ಇರುತ್ತದೆ, ದೋಣಿ ಮುಂದೆ ಹೋಗುತ್ತದೆ. ಈ ಪ್ರೋಟೀನುಗಳಿಗೆ ಹೊಳೆಯುವ ಗುರುತು ಹಚ್ಚಿ ಸೂಕ್ಷ್ಮದರ್ಶಕದಲ್ಲಿ 2007ರಲ್ಲಿ ನೋಡಿದಾಗ ಕಂಡದ್ದೂ ಇದೇ. ಚುಕ್ಕೆಗಳು ನಿಂತಲ್ಲೇ ನಿಂತಿವೆ, ಕೋಶ ಅವುಗಳ ಮೇಲೆ ಹಾದುಹೋಗುತ್ತಿದೆ. ಹಿಂದಿನ ತುದಿ ಬಂದಾಗ ಯಂತ್ರ ಕಳಚಿಬೀಳುತ್ತದೆ. ನನಗೆ ಇದಕ್ಕಿಂತ ಚೆಂದದ ಪ್ರಯೋಗ ಜಾಸ್ತಿ ಗೊತ್ತಿಲ್ಲ.

ವೇಗ ನಿಮಿಷಕ್ಕೆ ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಕೋಶದ ಉದ್ದವೇ ಸುಮಾರು 5ರಿಂದ 7 ಮೈಕ್ರಾನ್. ಆಗಾಗ ನಿಲ್ಲುತ್ತದೆ, ಮತ್ತೆ ಹೊರಡುವಾಗ ಮೈ ತಿರುಗಿಸುವುದೇ ಇಲ್ಲ, ಹಿಂದಿದ್ದ ತುದಿಯೇ ಮುಂದಾಗಿಬಿಡುತ್ತದೆ. ಯಾವ ತುದಿ ಮುಂದೆ ಅಂತ ಗೊತ್ತುಮಾಡುವ ಎಂಜಿಎಲ್‌ಎ ಎಂಬ ಪ್ರೋಟೀನು ಈ ತುದಿ ಬಿಟ್ಟು ಆ ತುದಿಗೆ ಹೋಗಿರುತ್ತದೆ, ಅಷ್ಟೇ.

ಇದರ ಹತ್ತಿರ ಇನ್ನೊಂದು ದಾರಿಯೂ ಇದೆ. ಮುಂದಿನ ತುದಿಯಿಂದ ಸಪೂರ ಎಳೆಗಳನ್ನು ಚಾಚಿ, ಪಕ್ಕದ ಕೋಶಗಳ ಲೋಳೆಗೆ ಅಂಟಿಸಿ, ಒಳಕ್ಕೆ ಎಳೆದುಕೊಳ್ಳುತ್ತದೆ. ಇದು ಗುಂಪಿನಲ್ಲಿದ್ದಾಗ ನಡೆಯುವ ಓಡಾಟ. ಇವೆರಡೂ ಬೇರೆ ಬೇರೆ ಅಂತ 1979ರಲ್ಲಿ ಜೊನಾಥನ್ ಹಾಜ್‌ಕಿನ್ ಮತ್ತು ಡೇಲ್ ಕೈಸರ್ ಜೀನುಗಳಿಂದಲೇ ತೋರಿಸಿದರು. ಒಂದು ಕೆಟ್ಟರೂ ಬ್ಯಾಕ್ಟೀರಿಯಾ ಹರಡುತ್ತದೆ, ಎರಡೂ ಕೆಟ್ಟರೆ ನಿಂತುಬಿಡುತ್ತದೆ.

ಇಷ್ಟೆಲ್ಲ ಯಾಕೆ ಬೇಕು, ಈಜಬಹುದಿತ್ತಲ್ವಾ? ಮಣ್ಣಿನ ಕಣಗಳ ಮೇಲೆ ಎಷ್ಟೋ ಸಲ ಈಜುವಷ್ಟು ನೀರೇ ಇರುವುದಿಲ್ಲ. ಇದು ಬೇರೆ ಬ್ಯಾಕ್ಟೀರಿಯಾಗಳನ್ನು ಮುಟ್ಟಿ ಕೊಂದು ತಿನ್ನುವ ಜೀವಿ, ಅವು ಇರುವಲ್ಲಿಗೆ ತಾನೇ ಹೋಗಬೇಕು. ತಿನ್ನಲು ಏನೂ ಸಿಗದಿದ್ದಾಗ ಸುಮಾರು 1 ಲಕ್ಷ ಕೋಶಗಳು ಒಂದೆಡೆ ಸರಿದು ಬಂದು ಗುಡ್ಡೆ ಕಟ್ಟುತ್ತವೆ. ಅದರೊಳಗೆ ಎಷ್ಟೋ ಕೋಶಗಳು ಬೀಜಕಗಳಾಗಿ ಬರಗಾಲ ಕಳೆಯುತ್ತವೆ. ಓಡಾಟದ ಎರಡೂ ದಾರಿ ಕಳೆದುಕೊಂಡವಕ್ಕೆ ಆ ಗುಡ್ಡೆ ಕಟ್ಟೋಕೆ ಆಗುವುದಿಲ್ಲ.