ಎರಡನೆಯ ಸಲ ಕೇಳಿದ ಪ್ರಾರ್ಥನೆ

ಅಂದು ತಿಂಗಳ ಮೊದಲ ಭಾನುವಾರ, ಅಂದರೆ ಉಪವಾಸದ ಭಾನುವಾರ, ಎಂಬುದು ನನಗೆ ನೆನಪಾದದ್ದು ಸಭಾಭವನದ ಬಾಗಿಲ ಮುಂದೆ ನಿಂತಾಗ. ಬೆಳಿಗ್ಗೆಯಿಂದ ನಾನೂ ಏನನ್ನೂ ತಿಂದಿರಲಿಲ್ಲ. ವ್ರತದ ನೆನಪಿನಿಂದಲ್ಲ, ತಳಮಳದಿಂದ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ. 11 ವರ್ಷಗಳ ನಂತರ ಆ ಬಾಗಿಲನ್ನು ತಳ್ಳಿ ಒಳಗೆ ಹೋಗಬೇಕಿತ್ತು.

ಬೇಕೆಂದೇ ತಡವಾಗಿ ಬಂದಿದ್ದೆ. ಮುಂದಿನ ಬೆಂಚುಗಳೆಲ್ಲ ತುಂಬಿದ್ದವು. ನಮ್ಮ ಪ್ರಾರ್ಥನಾ ಮಂದಿರಗಳ ಹಿಂಬದಿಯಲ್ಲಿ ಮಡಚುವ ಗೋಡೆಯೊಂದಿರುತ್ತದೆ. ಅದನ್ನು ಸರಿಸಿದರೆ ಆಟದ ಅಂಗಳವೂ ಸಭೆಯ ಭಾಗವಾಗುತ್ತದೆ. ಅಲ್ಲಿ ಹಾಕಿದ್ದ ಲೋಹದ ಕುರ್ಚಿಗಳಲ್ಲಿ ಕೊನೆಯ ಸಾಲಿನದನ್ನು ಹಿಡಿದು ಕುಳಿತೆ. ಕಾಲ ಕೆಳಗೆ ಬ್ಯಾಸ್ಕೆಟ್‌ಬಾಲ್ ಅಂಕಣದ ಬಣ್ಣದ ಗೆರೆಗಳು. ಎದುರಿಗೆ ಶಿಲುಬೆಯಿಲ್ಲ, ಪ್ರತಿಮೆಯಿಲ್ಲ. ಬರಿಯ ಮರದ ವೇದಿಕೆ, ಪಕ್ಕದಲ್ಲಿ ಬಿಳಿ ಬಟ್ಟೆ ಹೊದಿಸಿದ ಮೇಜು. ಮಕ್ಕಳ ಅಳು, ಬಿಸ್ಕತ್ತಿನ ಪೊಟ್ಟಣದ ಸದ್ದು, ಅಮ್ಮಂದಿರ ಪಿಸುಮಾತು. ಏನೂ ಬದಲಾಗಿರಲಿಲ್ಲ. ಆದರೂ ಬೇಕಾದಷ್ಟು ಬದಲಾಗಿತ್ತು. ನಾನು ಬಿಟ್ಟುಹೋಗುವಾಗ ಭಾನುವಾರದ ಸಭೆಗಳು ಮೂರು ಗಂಟೆ ನಡೆಯುತ್ತಿದ್ದವು. 2019ರ ಜನವರಿಯಿಂದ ಅವು ಎರಡು ಗಂಟೆಯವಾಗಿವೆ. ನನ್ನನ್ನು ನಾನು ಮಾರ್ಮನ್ ಎಂದು ಕರೆದುಕೊಳ್ಳುತ್ತಲೇ ಬೆಳೆದವಳು. 2018ರಲ್ಲಿ ಸಭೆಯ ಆಗಿನ ಅಧ್ಯಕ್ಷ ರಸೆಲ್ ಎಂ. ನೆಲ್ಸನ್ ಅವರು ಆ ಅಡ್ಡಹೆಸರನ್ನು ಬಿಟ್ಟು, ಯೇಸು ಕ್ರಿಸ್ತರ ಕಡೆಯ ದಿನಗಳ ಸಂತರ ಸಭೆ ಎಂಬ ಪೂರ್ತಿ ಹೆಸರನ್ನೇ ಬಳಸಬೇಕೆಂದು ಹೇಳಿದ್ದರು. ನಾನು ಹಿಂತಿರುಗುವ ಹೊತ್ತಿಗೆ, ಬಿಟ್ಟುಹೋದ ಹೆಸರೇ ಅಲ್ಲಿರಲಿಲ್ಲ.

ನಾನು ದೂರವಾದದ್ದು ಯಾರ ಮೇಲಿನ ಸಿಟ್ಟಿನಿಂದಲೂ ಅಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ಬಿಟ್ಟವರ ಬಗ್ಗೆ ಉಳಿದವರು ಮೊದಲು ಊಹಿಸುವುದು ಅದನ್ನೇ. ನನ್ನ ತೊಡಕು ‘ಗೊತ್ತು’ ಎಂಬ ಒಂದು ಪದದ್ದು.

ಉಪವಾಸದ ಭಾನುವಾರ ನಮ್ಮಲ್ಲಿ ನಿಯೋಜಿತ ಭಾಷಣಗಳಿರುವುದಿಲ್ಲ. ಮನಸ್ಸಾದವರು ಎದ್ದು ವೇದಿಕೆಗೆ ಹೋಗಿ ಸಾಕ್ಷಿ ಹೇಳುತ್ತಾರೆ. ನನಗೆ ನಾಲ್ಕೋ ಐದೋ ವರ್ಷವಾಗಿದ್ದಾಗ ಅಮ್ಮ ನನ್ನನ್ನು ಅಲ್ಲಿಗೆ ಕರೆದೊಯ್ದು, ಪುಟ್ಟ ಮಣೆಯ ಮೇಲೆ ನಿಲ್ಲಿಸಿ, ಕಿವಿಯಲ್ಲಿ ಒಂದೊಂದೇ ಮಾತನ್ನು ಉಸುರಿದ್ದಳು. ಈ ಸಭೆ ಸತ್ಯವೆಂದು ನನಗೆ ಗೊತ್ತು. ಜೋಸೆಫ್ ಸ್ಮಿತ್ ಪ್ರವಾದಿ ಎಂದು ನನಗೆ ಗೊತ್ತು. ಸಭೆಯನ್ನು ಸ್ಥಾಪಿಸಿದವರು ಅವರು. ಮೈಕಿನಲ್ಲಿ ನನ್ನ ಧ್ವನಿ ದೊಡ್ಡದಾಗಿ ಕೇಳಿ ನನಗೇ ಬೆರಗಾಗಿತ್ತು. ಎಂಟನೆಯ ವಯಸ್ಸಿನಲ್ಲಿ ದೀಕ್ಷಾಸ್ನಾನವಾಯಿತು. ಅಪ್ಪನೇ ನೀರಿನಲ್ಲಿ ಮುಳುಗಿಸಿ ಎತ್ತಿದರು. ಆಮೇಲೆ ಎಷ್ಟೋ ಸಲ ಅದೇ ಮಾತುಗಳನ್ನು ನಾನೇ ಹೇಳಿದ್ದೇನೆ, ಕಣ್ಣೀರಿನೊಂದಿಗೆ, ಸುಳ್ಳಿನ ಸೋಂಕೂ ಇಲ್ಲದೆ.

2013ರ ಕೊನೆಯಿಂದ ಸಭೆಯೇ ತನ್ನ ಅಧಿಕೃತ ಜಾಲತಾಣದಲ್ಲಿ ಕಠಿಣ ವಿಷಯಗಳ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸತೊಡಗಿತು. ನಮ್ಮ ಧರ್ಮಗ್ರಂಥಗಳಲ್ಲೊಂದಾದ ಮಾರ್ಮನ್ ಗ್ರಂಥದ ಅನುವಾದದ ವೇಳೆ ಜೋಸೆಫ್ ಸ್ಮಿತ್ ಟೊಪ್ಪಿಗೆಯೊಳಗೆ ಕಲ್ಲೊಂದನ್ನು ಇಟ್ಟು ನೋಡುತ್ತಿದ್ದರು ಎಂಬುದು ಅಲ್ಲಿತ್ತು. ಅಮೆರಿಕದ ಇಲಿನಾಯ್ ರಾಜ್ಯದ ನಾವೂ ಎಂಬ ಪಟ್ಟಣದಲ್ಲಿ ಅವರು ಮಾಡಿಕೊಂಡ ಬಹುಪತ್ನಿತ್ವದ ವಿವಾಹಗಳ ವಿವರವಿತ್ತು. ಹದಿನೈದು ತುಂಬಲು ಇನ್ನೂ ಕೆಲವು ತಿಂಗಳಿದ್ದ ಹುಡುಗಿಯೂ ಆ ಪತ್ನಿಯರಲ್ಲಿದ್ದಳು. ಕಲ್ಲಿನ ವಿಷಯ ನನ್ನನ್ನು ಅಷ್ಟಾಗಿ ಕಾಡಲಿಲ್ಲ, ದೇವರು ಯಾವುದರ ಮೂಲಕವಾದರೂ ಮಾತನಾಡಬಲ್ಲ. ಆ ಹುಡುಗಿ ಕಾಡಿದಳು. ಅವಳಿಗಿಂತ ಹೆಚ್ಚು ಕಾಡಿದವಳು ಜೇನ್ ಮ್ಯಾನಿಂಗ್ ಜೇಮ್ಸ್. ಈ ಕಪ್ಪು ಮಹಿಳೆ 1843ರಲ್ಲಿ ತನ್ನ ಮನೆಮಂದಿಯೊಂದಿಗೆ ನೂರಾರು ಮೈಲಿ ನಡೆದು ನಾವೂ ಪಟ್ಟಣ ತಲುಪಿದವಳು. ನಂತರ ಸಂತರೊಂದಿಗೆ, ಅಂದರೆ ಸಭೆಯ ಸದಸ್ಯರೊಂದಿಗೆ, ಯೂಟಾದ ಸಾಲ್ಟ್ ಲೇಕ್ ಕಣಿವೆಗೂ ಹೋದಳು. ದೇವಾಲಯದ ಪೂರ್ಣ ಆಶೀರ್ವಾದಗಳಿಗಾಗಿ ಮತ್ತೆ ಮತ್ತೆ ಬೇಡಿಕೊಂಡಳು. ಪ್ರತಿ ಸಲವೂ ಇಲ್ಲವೆನ್ನಿಸಿಕೊಂಡಳು. 1908ರಲ್ಲಿ ತೀರಿಕೊಳ್ಳುವವರೆಗೂ ನಂಬಿಕೆಯನ್ನು ಬಿಡಲಿಲ್ಲ. ಕಪ್ಪು ಜನರ ಮೇಲಿನ ಆ ನಿರ್ಬಂಧ ಹೋದದ್ದು 1978ರಲ್ಲಿ. ಅವಳ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ಉಪವಾಸದ ಭಾನುವಾರ ‘ನನಗೆ ಗೊತ್ತು’ ಎನ್ನಲು ನಾಲಗೆ ಏಳಲಿಲ್ಲ. ಗೊತ್ತಿಲ್ಲದವಳು ಗೊತ್ತಿರುವವರ ನಡುವೆ ಕುಳಿತಿರುವುದು ವಂಚನೆ ಎನಿಸಿತು. 2014ರ ನಂತರ ಹೋಗಲಿಲ್ಲ.

ಆ ವರ್ಷಗಳಲ್ಲಿ ನಾನು, ನಮ್ಮಲ್ಲಿ ನಿಷಿದ್ಧವಾದ ಕಾಫಿಯನ್ನು ಕುಡಿಯಲು ಕಲಿಯಲಿಲ್ಲ. ಯಾರೂ ತಡೆಯುತ್ತಿರಲಿಲ್ಲ, ಆದರೆ ಕೈ ಹೋಗಲಿಲ್ಲ. ಸಭೆಯ ಮಹಿಳಾ ಸಂಘವಾದ ರಿಲೀಫ್ ಸೊಸೈಟಿಯ ಒಬ್ಬ ಸಹೋದರಿ ಪ್ರತಿ ಹುಟ್ಟುಹಬ್ಬಕ್ಕೂ ಒಂದು ಸಂದೇಶ ಕಳುಹಿಸುತ್ತಿದ್ದಳು. ಸಭೆಗೆ ಬಾ ಎಂದು ಒಮ್ಮೆಯೂ ಬರೆಯಲಿಲ್ಲ. ಬರೆದಿದ್ದರೆ ನಾನು ಉತ್ತರಿಸುವುದನ್ನೇ ನಿಲ್ಲಿಸುತ್ತಿದ್ದೆನೇನೋ.

ಕಳೆದ ವರ್ಷ ಗಂಡನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗೆ ಬೆಂಚಿನ ಮೇಲೆ ನಾಲ್ಕು ಗಂಟೆ ಕಾದೆ. ಗೋಡೆಯ ಗಡಿಯಾರ ನೋಡುವುದು, ಬಾಗಿಲು ನೋಡುವುದು, ಮತ್ತೆ ಗಡಿಯಾರ. ಯಾವುದೋ ಗಳಿಗೆಯಲ್ಲಿ ನನ್ನ ಕೈಗಳ ಕಡೆಗೆ ಗಮನ ಹೋಯಿತು. ಅವು ಎದೆಯ ಮೇಲೆ ಒಂದರ ಮೇಲೊಂದು ಕಟ್ಟಿಕೊಂಡಿದ್ದವು, ತಲೆ ಬಾಗಿತ್ತು. ನಮ್ಮ ಮಕ್ಕಳಿಗೆ ಪ್ರಾರ್ಥನೆ ಮಾಡಲು ಕಲಿಸುವುದು ಹಾಗೆಯೇ, ಕೈಮುಗಿದಲ್ಲ, ಕೈಕಟ್ಟಿ. ಎಷ್ಟು ಹೊತ್ತಿನಿಂದ ಹಾಗೆ ಕುಳಿತಿದ್ದೆನೋ ತಿಳಿಯದು. ಬುದ್ಧಿಗೆ ಹೇಳದೆ ಮೈ ಪ್ರಾರ್ಥಿಸುತ್ತಿತ್ತು. ಕೈಗಳನ್ನು ಬಿಚ್ಚಬಹುದಿತ್ತು. ಬಿಚ್ಚಲಿಲ್ಲ.

ಗಂಡ ಚೇತರಿಸಿಕೊಂಡರು. ಅದನ್ನು ನನ್ನ ಪ್ರಾರ್ಥನೆಯ ಫಲವೆಂದು ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುತ್ತಿಲ್ಲ. ಅದೇ ದಿನ ಅದೇ ಬೆಂಚಿನಲ್ಲಿ ಕಾದ ಇನ್ನೊಬ್ಬ ಹೆಂಗಸು ಅಳುತ್ತಾ ಹೋದದ್ದನ್ನು ನೋಡಿದ್ದೇನೆ. ನನಗೆ ಉಳಿದದ್ದು ಆ ಕಟ್ಟಿದ ಕೈಗಳು ಮಾತ್ರ. ಸಭೆಯ ಬಾಗಿಲವರೆಗೆ ಬರಲು ಅವು ಎಂಟು ತಿಂಗಳು ತೆಗೆದುಕೊಂಡವು.

ಬರುವಾಗಲೇ ಒಂದು ನಿರ್ಧಾರ ಮಾಡಿಕೊಂಡಿದ್ದೆ. ರೊಟ್ಟಿಯ ತಟ್ಟೆ ಬಂದರೆ ತೆಗೆದುಕೊಳ್ಳದೆ ಮುಂದಕ್ಕೆ ದಾಟಿಸುವುದು. ಕುಳಿತು ಹೋಗಲು ಯಾರ ಅಪ್ಪಣೆಯೂ ಬೇಡ, ಆ ರೊಟ್ಟಿ ನೀರಿನ ಸಂಸ್ಕಾರ ಸ್ವೀಕರಿಸುವುದು ಬೇರೆ ಮಾತು. ಅದು ಒಡಂಬಡಿಕೆ, ದೀಕ್ಷಾಸ್ನಾನದ ದಿನ ಕೊಟ್ಟ ಮಾತನ್ನು ಪ್ರತಿ ವಾರ ಮತ್ತೆ ಕೊಡುವುದು.

ಗೀತೆ ಶುರುವಾಯಿತು. ಮೇಜಿನ ಹಿಂದೆ ಇಬ್ಬರು ಹುಡುಗರು ರೊಟ್ಟಿಯನ್ನು ತುಂಡು ತುಂಡಾಗಿ ಮುರಿಯುತ್ತಿದ್ದರು. ಗೀತೆ ಮುಗಿದಾಗ ಅವರಲ್ಲೊಬ್ಬ ಮಂಡಿಯೂರಿದ. ಹದಿನಾರು ವರ್ಷದವನಿರಬೇಕು. ಕತ್ತಿಗೆ ಸಡಿಲವಾದ ಅಂಗಿ, ಅಪ್ಪನ ಟೈ ಇರಬಹುದು. ನಮ್ಮಲ್ಲಿ ಹೆಚ್ಚಿನ ಪ್ರಾರ್ಥನೆಗಳಿಗೆ ಬರೆದ ಪಾಠವಿಲ್ಲ, ಮನಸ್ಸಿಗೆ ಬಂದಂತೆ ಹೇಳುವುದು. ಇದು ಹಾಗಲ್ಲ. ಮಾರ್ಮನ್ ಗ್ರಂಥದ ಮೊರೋನಿಯ ಪುಸ್ತಕದಲ್ಲಿರುವಂತೆ ಅಕ್ಷರವೂ ತಪ್ಪದೆ ಹೇಳಬೇಕು. ಹುಡುಗ ಬೇಗ ಬೇಗ ಓದಿದ, ನಡುವೆ ಒಂದು ಪದ ನುಂಗಿದ, ಆಮೆನ್ ಎಂದ. ಸಭೆಯೂ ಆಮೆನ್ ಎಂದಿತು. ವೇದಿಕೆಯ ಮೇಲಿದ್ದ ಬಿಷಪ್ ಅವನ ಕಡೆಗೆ ಬಾಗಿ ಏನೋ ಹೇಳಿದರು. ವಾರವೆಲ್ಲ ಬೇರೆ ಕೆಲಸ ಮಾಡಿ ಬದುಕುವ, ಸಭೆಯಿಂದ ಸಂಬಳವಿಲ್ಲದ ಮನುಷ್ಯ ಅವರು. ಹುಡುಗನ ಕಿವಿ ಕೆಂಪಾಯಿತು. ಮತ್ತೆ ಮಂಡಿಯೂರಿದ. ನೂರಾರು ಜನ ಮತ್ತೆ ತಲೆ ಬಾಗಿಸಿದರು, ಯಾರೂ ಮಿಸುಕಲಿಲ್ಲ. ಚಿಕ್ಕಂದಿನಲ್ಲಿ ಇಂತಹದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಅಷ್ಟು ಜನ ಒಬ್ಬ ಹುಡುಗನಿಗಾಗಿ ಅಷ್ಟು ಸಹಜವಾಗಿ ಕಾಯುತ್ತಾರೆಂಬುದನ್ನು ಗಮನಿಸಿರಲಿಲ್ಲ.

ಎರಡನೆಯ ಸಲ ಅವನು ನಿಧಾನವಾಗಿ ಹೇಳಿದ. ಆಗ ನನಗೆ ಅದು ಕೇಳಿಸಿತು. ಈ ರೊಟ್ಟಿಯನ್ನು ತಿನ್ನುವವರು ದೇವಕುಮಾರನ ಹೆಸರನ್ನು ತಮ್ಮ ಮೇಲೆ ಹೊತ್ತುಕೊಳ್ಳಲು, ಅವನನ್ನು ಯಾವಾಗಲೂ ನೆನೆಯಲು, ಅವನ ಆಜ್ಞೆಗಳನ್ನು ಪಾಲಿಸಲು ಮನಸ್ಸುಳ್ಳವರಾಗಿದ್ದಾರೆ ಎಂದು ಅವರ ಪರವಾಗಿ ಸಾಕ್ಷಿ ನುಡಿಯುವ ಪ್ರಾರ್ಥನೆ ಅದು. ಗೊತ್ತಿರುವವರು ಎಂದಲ್ಲ. ಮನಸ್ಸುಳ್ಳವರು ಎಂದು. ಸಾವಿರಾರು ಸಲ ಕೇಳಿದ ಪ್ರಾರ್ಥನೆಯಲ್ಲಿ ‘ಗೊತ್ತು’ ಎಂಬ ಪದವನ್ನು ಹುಡುಕಿದೆ. ಅದು ಎಲ್ಲಿಯೂ ಇರಲಿಲ್ಲ.

ತಟ್ಟೆಗಳು ಸಾಲು ಸಾಲಾಗಿ ಕೈಯಿಂದ ಕೈಗೆ ದಾಟುತ್ತಾ ಹಿಂದಕ್ಕೆ ಬಂದವು. ನಮ್ಮ ಸಾಲಿಗೆ ತಂದವನು ಹನ್ನೆರಡು ವರ್ಷದ ಪೋರ. ಪಕ್ಕದ ಅಜ್ಜಿ ತಾನು ಒಂದು ಚೂರು ತೆಗೆದುಕೊಂಡು ತಟ್ಟೆಯನ್ನು ನನ್ನ ಮುಂದೆ ಹಿಡಿದಳು. ನನ್ನ ಮುಖ ನೋಡಲಿಲ್ಲ. ಆ ನೋಡದಿರುವಿಕೆಗೆ ನಾನು ಇಂದಿಗೂ ಋಣಿ. ಮನಸ್ಸಿದೆಯೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಇತ್ತು. ಆ ಹುಡುಗಿಯ ಬಗ್ಗೆ, ಜೇನ್ ಬಗ್ಗೆ ಒಂದು ಉತ್ತರವೂ ಸಿಕ್ಕಿರಲಿಲ್ಲ, ನೋವು ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ, ಆದರೂ ಇತ್ತು. ಒಂದು ಚೂರು ತೆಗೆದುಕೊಂಡೆ. ಅಂಗಡಿಯ ಸಾಮಾನ್ಯ ರೊಟ್ಟಿ, ಅಂಚಿನ ತುಂಡು, ಸ್ವಲ್ಪ ಒಣಗಿತ್ತು. ಆಮೇಲೆ ಪುಟ್ಟ ಲೋಟದಲ್ಲಿ ಒಂದು ಗುಟುಕು ನೀರು. ಆ ದಿನ ಸಂಜೆಯವರೆಗೆ ನಾನು ತಿಂದದ್ದು, ಕುಡಿದದ್ದು ಅಷ್ಟೇ.

ನಂತರ ಸಾಕ್ಷಿಗಳು. ಒಬ್ಬ ತಾಯಿ ಮಗುವಿನ ಕಿವಿಯಲ್ಲಿ ಉಸುರಿದಳು, ಮಗು ‘ನನಗೆ ಗೊತ್ತು’ ಎಂದು ಮೈಕಿಗೆ ಮುತ್ತಿಡುವಂತೆ ಹೇಳಿತು. ನನಗೆ ಅಸೂಯೆಯಾಗಲಿಲ್ಲ, ಕನಿಕರವೂ ಮೂಡಲಿಲ್ಲ. 1831ರ ಮಾರ್ಚ್‌ನಲ್ಲಿ ಒಹಾಯೊದ ಕರ್ಟ್‌ಲ್ಯಾಂಡ್‌ನಲ್ಲಿ ಜೋಸೆಫ್ ಸ್ಮಿತ್‌ರಿಗೆ ದೊರೆತ ದೈವೀ ಪ್ರಕಟನೆಯೊಂದು ನಮ್ಮ ಧರ್ಮಗ್ರಂಥದಲ್ಲಿದೆ, ಸಿದ್ಧಾಂತ ಮತ್ತು ಒಡಂಬಡಿಕೆಗಳ 46ನೆಯ ಭಾಗ. ಯೇಸು ದೇವಕುಮಾರನೆಂದು ತಿಳಿಯುವ ವರ ಕೆಲವರಿಗೆ, ಅವರ ಮಾತನ್ನು ನಂಬುವ ವರ ಇನ್ನು ಕೆಲವರಿಗೆ ಎನ್ನುತ್ತದೆ ಅದು. ನಂಬುವುದನ್ನೂ ವರಗಳ ಪಟ್ಟಿಯಲ್ಲೇ ಸೇರಿಸಲಾಗಿದೆ. ಮಿಷನರಿಯಾಗಿದ್ದಾಗ ಈ ಭಾಗವನ್ನು ಬೇರೆಯವರಿಗೆ ಓದಿ ವಿವರಿಸಿದವಳು ನಾನು. ನನಗಾಗಿ ಒಮ್ಮೆಯೂ ಓದಿಕೊಂಡಿರಲಿಲ್ಲ.

ನಾನು ವೇದಿಕೆಗೆ ಹೋಗಲಿಲ್ಲ. ಹೋಗುವ ಆಸೆಯೂ ಅಂದು ಇರಲಿಲ್ಲ.

ಎಲ್ಲ ಮುಗಿದ ಮೇಲೆ ಬಿಷಪ್ ಕೈಕುಲುಕಿ ಹೆಸರು ಕೇಳಿದರು. ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಲಿಲ್ಲ. ದೇವಾಲಯ ಪ್ರವೇಶದ ಸಂದರ್ಶನ, ದಶಮಾಂಶ, ಇವೆಲ್ಲ ಮುಂದಿನ ಮಾತು. ಅವುಗಳಲ್ಲಿ ಕೆಲವು ನನಗೆ ಸುಲಭವಾಗುವುದಿಲ್ಲವೆಂದು ನನಗೆ ಅರಿವಿದೆ. ಅಷ್ಟರಲ್ಲಿ ಆಟದ ಅಂಗಳದಲ್ಲಿ ಕುರ್ಚಿ ಮಡಚುವ ಸದ್ದು ಶುರುವಾಗಿತ್ತು. ಅದು ಎಲ್ಲರ ಕೆಲಸ, ಚಿಕ್ಕಂದಿನಲ್ಲಿ ನಾವು ಒಮ್ಮೆಗೆ ಎಷ್ಟು ಕುರ್ಚಿ ಎತ್ತಬಲ್ಲೆವೆಂದು ಪಂದ್ಯ ಕಟ್ಟುತ್ತಿದ್ದೆವು. ಕೈಚೀಲವನ್ನು ಗೋಡೆಗೆ ಒರಗಿಸಿ ನಾನೂ ಹೋದೆ. ನನ್ನ ಎದುರಿನ ತುದಿಯಿಂದ ಮಡಚುತ್ತಾ ಬರುತ್ತಿದ್ದವನು ಆ ಪ್ರಾರ್ಥನೆಯ ಹುಡುಗ. ಟೈ ಸಡಿಲಿಸಿ ಜೇಬಿಗೆ ತುರುಕಿದ್ದ, ಕಿವಿ ಇನ್ನೂ ಕೆಂಪಗೇ ಇದ್ದಂತೆ ಕಂಡಿತು. ಸಾಲಿನ ನಡುವೆ ಇಬ್ಬರೂ ಸೇರಿದಾಗ ಅವನಿಗೆ ಏನಾದರೂ ಹೇಳಬೇಕೆನಿಸಿತು, ಮಾತು ಹೊರಡಲಿಲ್ಲ. ಅವನು ನಾಲ್ಕು ಕುರ್ಚಿ ಎತ್ತಿಕೊಂಡ, ನಾನು ಎರಡು. ಇನ್ನೂ ಮೂರು ಸಾಲು ಉಳಿದಿದ್ದವು.